ತಿಪ್ಪೆಯ ಎತ್ತರ

ನಮ್ಮೂರಿನವರು ಮೂಗು ಮುಚ್ಚಿಕೊಂಡು ಮಾತಾಡುವುದನ್ನು ಕಲಿತದ್ದು ಫೋನು ಬಂದ ಮೇಲೆ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಮೂಗು. ಹಾಗೆ ನಿಂತು ದೂರದ ತಮ್ಮನಿಗೆ, ಬೀಗರಿಗೆ, ಬ್ಯಾಂಕಿನವರಿಗೆ ಗೊಣಗೊಣ ಎನ್ನುತ್ತಿದ್ದರು. ಆ ಕಡೆಯವರು ನೆಗಡಿಯಾ ಎಂದು ಕೇಳುವುದು, ಈ ಕಡೆಯವರು ಹೌದು ಎನ್ನುವುದು. ನಮ್ಮ ಮನೆ ಬಾಗಿಲಲ್ಲಿ ನಿಂತು ಊರಿಗೆ ಊರೇ ನೆಗಡಿಯ ಸುಳ್ಳು ಹೇಳಿದೆ.

ನಮ್ಮ ಮನೆ ತಿಪ್ಪೆಯ ಮೇಲಿತ್ತು. ಪಕ್ಕದಲ್ಲಲ್ಲ, ಮೇಲೆ. ಊರಿನ ಕಸ, ಬೂದಿ, ಕಕ್ಕಸು ಗುಂಡಿಯಿಂದ ಎತ್ತಿದ್ದು, ಕೋಳಿಯ ಪುಕ್ಕ, ಸತ್ತ ನಾಯಿ, ಮುಟ್ಟಿನ ಬಟ್ಟೆ, ಎಲ್ಲವನ್ನೂ ಹೊತ್ತು ತಂದು ಅಲ್ಲಿ ಸುರಿಯುವವರು ನಾವು. ನಮಗೆ ಬುಟ್ಟಿಯವರು ಅನ್ನುತ್ತಾರೆ. ನನ್ನ ಅತ್ತೆ ಮದುವೆಯಾಗಿ ಬಂದಾಗ ಅದು ಮೊಣಕಾಲೆತ್ತರದ ಗುಪ್ಪೆಯಂತೆ. ಊರೊಳಗೆ ನಮಗೆ ಜಾಗ ಕೊಡಲಿಲ್ಲ. ಸುರಿಯುವಲ್ಲೇ ಇರಿ ಎಂದರು. ತಿಪ್ಪೆ ಬೆಳೆದ ಹಾಗೆ ಗುಡಿಸಲು ಕಿತ್ತು ಮೇಲಕ್ಕೆ ಹಾಕಿಕೊಳ್ಳುತ್ತ ಬಂದೆವು. ಕೆಳಗಿದ್ದರೆ ಮಳೆ ಬಂದಾಗ ಕೊಳಕು ನೀರು ಹಾಸಿಗೆಗೇ ಬರುತ್ತದೆ. ಕೊನೆಗೆ ಐದಾರು ಗುಡಿಸಲು ಊರಿನ ಎಲ್ಲ ಸೂರಿಗಿಂತ ಎತ್ತರದಲ್ಲಿ ಕೂತವು. ಆ ಎತ್ತರ ನಮಗೆ ಯಾರೂ ಕೊಟ್ಟದ್ದಲ್ಲ. ತಲೆಯ ಮೇಲೆ ಹೊತ್ತು ಮಾಡಿಕೊಂಡದ್ದು.

ಹೊತ್ತದ್ದು ಎಂದರೆ ಏನು ಎಂದು ತಿಳಿಯಬೇಕಾದರೆ ನನ್ನ ಅತ್ತೆಯ ಕುತ್ತಿಗೆ ನೋಡಬೇಕು. ಅದು ಹೆಗಲೊಳಗೆ ಇಳಿದುಹೋಗಿದೆ. ಅವಳು ತಲೆಯೆತ್ತಿ ಯಾರನ್ನೂ ನೋಡಲಾರಳು, ಓರೆಯಾಗಿ ನೋಡುತ್ತಾಳೆ. ಒಂದು ಕಣ್ಣು ಹೋಗಿದೆ, ಇನ್ನೊಂದು ಹೋಗುವ ದಾರಿಯಲ್ಲಿದೆ. ಬುಟ್ಟಿಯಿಂದ ಸೋರಿದ್ದು ಹಣೆಯ ಮೇಲಿಂದ ಕಣ್ಣಿಗೇ ಇಳಿಯುತ್ತದೆ. ಒರೆಸಿಕೊಳ್ಳಲು ಕೈ ಬಿಡುವಂತಿಲ್ಲ, ಎರಡೂ ಕೈ ಬುಟ್ಟಿಯ ಅಂಚಿನಲ್ಲಿರುತ್ತವೆ. ಅದಕ್ಕೇ ನಮ್ಮಲ್ಲಿ ಯಾರಿಗೂ ಮೂಗು ಮುಚ್ಚಿಕೊಳ್ಳುವ ಅಭ್ಯಾಸವಿಲ್ಲ. ಅದು ಕೈ ಖಾಲಿ ಇರುವವರ ಚಟ.

ಊರು ಬೋಳುಗುಡ್ಡಗಳ ನಡುವೆ ಬಾವಿಯೊಳಗೆ ಬಿದ್ದ ಹಾಗಿದೆ. ಬಸ್ಸು ವಾರಕ್ಕೊಮ್ಮೆ. ಗುಡ್ಡದಾಚೆ ಟವರ್ ಎದ್ದಿತು ಎಂದು ಸುದ್ದಿ ಬಂದಾಗ ಅನುಕೂಲಸ್ಥರೆಲ್ಲ ಫೋನು ತರಿಸಿದರು. ಸಿಗ್ನಲ್ ಮಾತ್ರ ಬರಲಿಲ್ಲ. ಸೂರಿನ ಮೇಲೆ ಹತ್ತಿದರು, ಮರ ಹತ್ತಿದರು. ಕೊನೆಗೆ ಫೋನಿನಲ್ಲಿ ಟಾರ್ಚು ಹಾಕಿಕೊಂಡು ಸಮಾಧಾನಪಟ್ಟರು.

ಸಿಗ್ನಲ್ ಸಿಕ್ಕಿದ್ದು ನನಗೆ. ಪಂಚಾಯಿತಿ ಅಧ್ಯಕ್ಷನ ಹೆಂಡತಿ ತನ್ನ ಹೊಸ ಫೋನನ್ನು ತರಕಾರಿ ಸಿಪ್ಪೆಯ ಜೊತೆ ಮರೆತು ಸುತ್ತಿ ಹಿತ್ತಲಿಗೆ ಎಸೆದಿದ್ದಳು. ನಾನು ತಂದು ಸುರಿದೆ. ಸುರಿದ ಕಸ ಹಾಡಲು ಶುರುಮಾಡಿತು. ಮೊಣಕೈವರೆಗೆ ಕೈ ಹಾಕಿ ತೆಗೆದೆ. ಆ ಕಡೆ ಅವಳ ತಂಗಿ, "ಅಕ್ಕಾ, ಅಂತೂ ಸಿಕ್ಕಿದ್ಯಲ್ಲ" ಅಂದಳು. ನಾನು ನಿಮ್ಮಕ್ಕ ಅಲ್ಲ, ಬುಟ್ಟಿಯವಳು ಅಂದೆ. ಪಟ್ಟನೆ ಇಟ್ಟಳು.

ಓಡಿಹೋಗಿ ಕೊಟ್ಟೆ. ಅಧ್ಯಕ್ಷನ ಹೆಂಡತಿ ಕೈಗೆ ತೆಗೆದುಕೊಳ್ಳಲಿಲ್ಲ. ಹಿತ್ತಲ ಕಲ್ಲಿನ ಮೇಲೆ ಇಡಿಸಿದಳು. ಆಮೇಲೆ ಅದನ್ನು ಸೋಪು ಹಾಕಿ ತೊಳೆಸಿದಳು. ಕಸದಲ್ಲಿ ಬಿದ್ದದ್ದಕ್ಕೆ ತೊಳೆಸಿದಳೋ, ನಾನು ಮುಟ್ಟಿದ್ದಕ್ಕೆ ತೊಳೆಸಿದಳೋ, ಅವಳನ್ನೇ ಕೇಳಬೇಕು. ಫೋನು ಸತ್ತಿತು. ಬುಟ್ಟಿಯವಳು ಹಾಳುಮಾಡಿದಳು ಎಂದು ಊರೆಲ್ಲ ಹೇಳಿದಳು. ಆದರೆ ತಿಪ್ಪೆಯ ಮೇಲೆ ಅದು ಹಾಡಿದ ಸುದ್ದಿ ಅವಳ ಬಾಯಿಂದಲೇ ಹೊರಬಿತ್ತು.

ಮರುದಿನದಿಂದ ಮೆರವಣಿಗೆ.

ತಲೆಮಾರುಗಳಿಂದ ಯಾರ ಕಾಲೂ ಆ ಕಡೆ ಬಂದಿರಲಿಲ್ಲ. ಈಗ ಕುರ್ಚಿ ಹೊತ್ತುಕೊಂಡು ಬಂದರು. ನಮ್ಮ ಹೊಸ್ತಿಲ ಪಕ್ಕ ಕುರ್ಚಿ ಹಾಕಿದರು. ಒಲೆ ಹಚ್ಚಬೇಡಿ, ಹೊಗೆಗೆ ಕಣ್ಣುರಿ ಬರುತ್ತದೆ ಎಂದರು. ಮಕ್ಕಳನ್ನು ಸುಮ್ಮನಿರಿಸಿ, ಆ ಕಡೆ ಕೇಳುತ್ತದೆ ಎಂದರು. ಅಧ್ಯಕ್ಷನ ಹೆಂಡತಿ ಎರಡನೆಯ ಫೋನು ತರಿಸಿಕೊಂಡು ತಂಗಿಗೆ ಮುಖ ತೋರಿಸುತ್ತ ಕೂರುತ್ತಿದ್ದಳು. ಹಿಂದೆ ಗುಡ್ಡ ಮಾತ್ರ ಕಾಣುವ ಹಾಗೆ ಫೋನು ಹಿಡಿಯುತ್ತಿದ್ದಳು. "ನಮ್ಮ ತೋಟದ ಮನೆ ಕಣೇ, ಗಾಳಿ ಎಷ್ಟು ಚೆನ್ನಾಗಿದೆ" ಅನ್ನುತ್ತಿದ್ದಳು. ಮೂಗು ಬಿಟ್ಟು ಹಾಗಂದು, ಮತ್ತೆ ಮೂಗು ಹಿಡಿಯುತ್ತಿದ್ದಳು.

ನನ್ನ ಅತ್ತೆಗೆ ಕೆಮ್ಮು. ಒಮ್ಮೆ ಮೇಷ್ಟ್ರು ಫೋನಿನಲ್ಲಿ ಮೇಲಧಿಕಾರಿಯ ಜೊತೆ ಮಾತಾಡುತ್ತಿದ್ದಾಗ ಅವಳು ಕೆಮ್ಮಿದಳು. ಅವರು ಫೋನಿಗೆ ಅಂಗೈ ಮುಚ್ಚಿ, "ಮುದುಕಿನ ಸ್ವಲ್ಪ ಆ ಕಡೆ ಕರ್ಕೊಂಡ್ ಹೋಗಮ್ಮ" ಅಂದರು.

"ಯಾವ ಕಡೆ ಮೇಷ್ಟ್ರೇ? ಇದು ಅವಳ ಮನೆ."

"ಅಯ್ಯೋ, ಒಂದು ಗಳಿಗೆ ಅಷ್ಟೇ."

ನಾನು ಅತ್ತೆಯನ್ನು ಎತ್ತಿಕೊಂಡು ಹಿಂದಿನ ಇಳಿಜಾರಿನಲ್ಲಿ ಕೂತೆ. ಅವಳ ತೂಕ ಒಂದು ಬುಟ್ಟಿಯಷ್ಟೂ ಇರಲಿಲ್ಲ. ಅವಳು ಅಲ್ಲಿ ಮನಸಾರೆ ಕೆಮ್ಮಿದಳು. ನನಗೆ ವಾಕರಿಕೆ ಬಂತು. ನಾತಕ್ಕಲ್ಲ, ನಾತ ನನಗೆ ಹುಟ್ಟಿನಿಂದ ಗೊತ್ತು.

ನೀವು ನ್ಯಾಯ ಹೇಳಬಹುದು. ಅವರಿಗೂ ಅವಶ್ಯಕತೆ ಇತ್ತಲ್ಲ ಎಂದು. ಇತ್ತು. ಕಚೇರಿಯ ಕಿಟಕಿ ಮುಚ್ಚಿಬಿಟ್ಟಿದ್ದರು, ಎಲ್ಲ ಫೋನಿನಲ್ಲೇ ಮಾಡಿಕೊಳ್ಳಿ ಎಂದು. ಪಿಂಚಣಿ, ಬಸ್ಸಿನ ಸೀಟು, ಪರೀಕ್ಷೆ, ಗಂಡು ನೋಡುವುದು, ಎಲ್ಲ ಅದರೊಳಗೆ ಹೋಗಿ ಕೂತಿತ್ತು. ನಮ್ಮ ಹಾಜರಿಯೂ ಅದರೊಳಗೇ, ಅದಕ್ಕೆಂದೇ ಸಾಲ ಮಾಡಿ ನಾನೂ ಒಂದು ಫೋನು ಕೊಂಡೆ. ಕಕ್ಕಸು ಗುಂಡಿಯೊಳಗೆ ಇಳಿದು ಸೊಂಟದವರೆಗೆ ನಿಂತು ಫೋಟೋ ಹೊಡೆದು ಕಳಿಸಬೇಕು. ಮುಖ ಕಾಣಬೇಕು. ಮುಖದ ಮೇಲೆ ಸಿಡಿದಿದ್ದರೆ ಫೋನು ಗುರುತು ಹಿಡಿಯುವುದಿಲ್ಲ. ಹೇಲಿನ ಗುಂಡಿಯಲ್ಲಿ ನಿಂತು ಮುಖ ತೊಳೆದುಕೊಳ್ಳುವ ಕೆಲಸ ಯಾರಿಗಾದರೂ ಇದೆಯೇ? ನನಗಿತ್ತು.

ಆದರೂ ಆ ಫೋನನ್ನು ನಾನು ಒಲೆಗೆ ಹಾಕಲಿಲ್ಲ. ಅದರಲ್ಲಿ ನನ್ನ ಮಗಳ ಮುಖ ಬರುತ್ತಿತ್ತು. ಅವಳು ದೂರದ ಪಟ್ಟಣದಲ್ಲಿ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಇದ್ದಾಳೆ. ಅಲ್ಲೇ ಒಬ್ಬನನ್ನು ಮದುವೆಯಾದಳು. ತುಂಬಿದ ಬಸುರಿ. ಸಂಜೆ ಊರಿನವರು ಕುರ್ಚಿ ಎತ್ತಿಕೊಂಡು ಹೋದ ಮೇಲೆ ಅವಳು ಕರೆಯುತ್ತಿದ್ದಳು. ಅತ್ತೆ ಫೋನನ್ನು ತನ್ನ ಇದ್ದ ಕಣ್ಣಿಗೆ ಅಂಟಿಸಿಕೊಂಡು ಮೊಮ್ಮಗಳನ್ನು ನೋಡುತ್ತಿದ್ದಳು.

"ಅಜ್ಜಿ, ಅಷ್ಟು ಹತ್ತಿರ ಹಿಡೀಬೇಡ. ನಂಗೆ ನಿನ್ನ ಕಣ್ಣೊಂದೇ ಕಾಣ್ತಿದೆ."

"ಕಾಣ್ಲಿ ಬಿಡೆ. ಇರೋದೇ ಅದೊಂದು. ನಿನ್ನ ಮಗು ಬರೋವರ್ಗೂ ಇದನ್ನ ಹೇಗೋ ಕಾಪಾಡ್ಕೊಂಡ್ ಇರ್ತೀನಿ. ಅದರ ಮುಖ ನೋಡಿದ್ ಮೇಲೆ ಇದೂ ಬೇಕಾದ್ರೆ ಹೋಗ್ಲಿ."

ಅತ್ತೆ ಜೀವನದಲ್ಲಿ ಏನನ್ನೂ ಬಯಸಿದ್ದು ನಾನು ಕೇಳಿರಲಿಲ್ಲ. ಇದೊಂದನ್ನು ಕೇಳಿದೆ. ದಿನಾ ಕೇಳುತ್ತಿದ್ದೆ.

ಆಗ ಊರಿನವರು ಸಭೆ ಮಾಡಿದರು. ನಮ್ಮನ್ನು ಕರೆಯಲಿಲ್ಲ. ಸಭೆ ಮುಗಿದ ಮೇಲೆ ಅಧ್ಯಕ್ಷನೇ ತಿಪ್ಪೆಗೆ ಬಂದು ಹೇಳಿದ. ಅವನ ಮೂಗಿಗೆ ಅತ್ತರು ಹಾಕಿದ ಕರವಸ್ತ್ರ.

"ಇಷ್ಟು ವರ್ಷ ನಿಮ್ಮನ್ನ ಈ ಹೊಲಸಲ್ಲಿ ಇಟ್ಟಿದ್ದು ನಮಗೆ ನಾಚಿಕೆ ವಿಷಯ. ಮನುಷ್ಯರು ಇರೋ ಜಾಗನಾ ಇದು?"

ನನ್ನ ಗಂಡ ತಲೆಯಾಡಿಸಿದ. ಅವನು ಯಾರು ಏನು ಹೇಳಿದರೂ ತಲೆಯಾಡಿಸುವವನು.

"ಇದನ್ನೆಲ್ಲ ಕೆರೆದು ಮಟ್ಟ ಮಾಡಿ, ಕಲ್ಲು ಹಾಸಿ, ಒಂದು ಕಟ್ಟೆ ಕಟ್ತೀವಿ. ಇಂಟರ್ನೆಟ್ ಕಟ್ಟೆ. ನೆರಳು, ಬೆಂಚು, ಎಲ್ಲಾ ಇರುತ್ತೆ. ನಿಮಗೆ ಹಿಂದಿನ ತಗ್ಗಲ್ಲಿ ಜಾಗ ಕೊಟ್ಟಿದೀವಿ."

ಅತ್ತೆ ಓರೆಯಾಗಿ ನೋಡಿದಳು. "ಆ ತಗ್ಗಲ್ಲಿ ಫೋನ್ ಬರುತ್ತೇನಪ್ಪ?"

"ನಿಮಗ್ಯಾಕಮ್ಮ ಫೋನು?"

ಅತ್ತೆ ಒಂದೇ ಕಣ್ಣಲ್ಲಿ ಅವನನ್ನು ನೋಡುತ್ತಲೇ ಇದ್ದಳು. ಅವನು ಸ್ವಲ್ಪ ಮೆತ್ತಗಾದ. "ಸರಿ, ಸಂಜೆ ಎಲ್ಲರದೂ ಆದ್ ಮೇಲೆ ಬಂದು ಒಂದು ಮೂಲೇಲಿ ನಿಂತು ಮಾತಾಡಿ. ನಾನೇನು ಬೇಡ ಅನ್ನಲ್ಲ." ಹೀಗೆ ತಿಪ್ಪೆ ಸಾರಿಸಿ ಹೊರಟ. ಹೋಗುವಾಗ ತಿರುಗಿ, "ಕೆರೆಯೋದು ನೀವೇ. ಬೇರೆಯವರಿಗೆ ಈ ಕೆಲಸ ಬರಲ್ಲ" ಅಂದ.

ನಾವು ಒಪ್ಪಿದೆವು. ಯಾಕೆ ಒಪ್ಪಿದಿರಿ ಎಂದು ಕೇಳಬೇಡಿ. ಒಪ್ಪುವುದು ಬಿಟ್ಟು ಇನ್ನೊಂದು ಇದೆ ಎಂದು ಆಗ ಗೊತ್ತಿರಲಿಲ್ಲ.

ನಮ್ಮ ಗುಡಿಸಲು ನಾವೇ ಕಿತ್ತೆವು. ತಗ್ಗಿಗೆ ಇಳಿಸಿದೆವು. ಆಮೇಲೆ ತಿಪ್ಪೆ ಅಗೆದೆವು. ಮೇಲಿನದು ಸಡಿಲ. ಅದರ ಕೆಳಗೆ ಗಟ್ಟಿ, ಕಪ್ಪು, ಬಿಸಿ. ಗುದ್ದಲಿ ಬಿದ್ದರೆ ಉಸ್ಸೆಂದು ಹಬೆ ಏಳುತ್ತಿತ್ತು. ಆ ಹಬೆ ಗಂಟಲಿಗೆ ಹೋದರೆ ಮೂರು ಹೊತ್ತೂ ಅದೇ ರುಚಿ, ನೀರು ಕುಡಿದರೂ ಅದೇ. ಗಾಜಿನ ಚೂರು ಬೆರಳು ಸೀಳಿತು. ಸೀಳಿದ ಬೆರಳನ್ನು ಬಟ್ಟೆ ಸುತ್ತಿ ಮತ್ತೆ ಅದರೊಳಗೇ ಇಟ್ಟೆವು. ನನ್ನ ಗಂಡನ ಪಾದ ಬಾತು ಕೀವಾಯಿತು. ಕುಂಟುತ್ತಲೇ ಹೊತ್ತ. ಮೇಲಿಂದ ತುಂಬಿ, ಹಿಂದಿನ ಇಳಿಜಾರಿನಲ್ಲಿ ಇಳಿದು, ತಗ್ಗಿನಲ್ಲಿ ನಮ್ಮ ಹೊಸ ಗುಡಿಸಲ ಪಕ್ಕವೇ ಸುರಿಯಬೇಕು. ತಿಪ್ಪೆ ನಮ್ಮನ್ನು ಬಿಡಲಿಲ್ಲ. ನಾವು ಇಳಿದೆವು, ಅದೂ ನಮ್ಮ ಹಿಂದೆಯೇ ಇಳಿದು ಬಂತು.

ಅತ್ತೆ ತಗ್ಗಿನಲ್ಲಿ ಕಲ್ಲಿನ ಮೇಲೆ ಕೂತು ಸುರಿದದ್ದನ್ನು ನೋಡುತ್ತಿದ್ದಳು. "ಇದು ಅಧ್ಯಕ್ಷನ ಅಪ್ಪ ಹಾಸಿಗೆ ಹಿಡಿದಿದ್ದಾಗಿಂದು" ಅನ್ನುತ್ತಿದ್ದಳು. "ಆ ತಗಡಿನ ಪಾತ್ರೆ ನೋಡು. ನಾನೇ ದಿನಾ ತೊಳ್ದಿದ್ದು. ಸತ್ತ ದಿನ ಪಾತ್ರೆ ಎಸೆದ್ರು, ಅಪ್ಪನ್ನ ಮಾತ್ರ ಹೂ ಹಾಕಿ ಕಳಿಸಿದ್ರು." ಎಲ್ಲರೂ ನಕ್ಕೆವು. ನಗುವಾಗ ಬಾಯೊಳಗೆ ನೊಣ ಹೋಗುತ್ತಿತ್ತು.

ಅಗೆಯುವಷ್ಟು ದಿನ ಊರಿನವರು ಒಬ್ಬರೂ ಆ ಕಡೆ ಸುಳಿಯಲಿಲ್ಲ. ಬಗೆದ ತಿಪ್ಪೆಯ ನಾತ ಅವರಿಗೆ ಊರೊಳಗೇ ಬಡಿಯುತ್ತಿತ್ತು. ಕಿಟಕಿ ಹಾಕಿಕೊಂಡು ಕೂತು, ಬೇಗ ಮುಗಿಸಿ ಎಂದು ಹೇಳಿಕಳಿಸುತ್ತಿದ್ದರು. ಸಂಜೆ ನಾನು ಅಗೆದ ತಿಪ್ಪೆ ಹತ್ತಿ ಫೋನು ತೆಗೆದು ನೋಡುತ್ತಿದ್ದೆ. ಮಗಳ ಮುಖ ಬರುವುದು ನಿಂತಿತು. ಮಾತು ಮಾತ್ರ ಬಂತು. ಆಮೇಲೆ ಮಾತೂ ತುಂಡುತುಂಡಾಯಿತು. ಸಿಗ್ನಲ್ ಹಿಂದೆಯೂ ಆಗಾಗ ಮುನಿಸಿಕೊಳ್ಳುತ್ತಿತ್ತು, ಹಾಗೇ ಇರಬೇಕು ಅಂದುಕೊಂಡೆ. ಕೊನೆಯದಾಗಿ ಕೇಳಿದ್ದು, "ಅಮ್ಮಾ, ನೋವು..." ಅಷ್ಟೇ.

ಆಮೇಲೆ ಬಸ್ಸು ಬರುವವರೆಗೆ ನನಗೆ ಅನ್ನ ಇಳಿಯಲಿಲ್ಲ. ಡ್ರೈವರ್ ಸುದ್ದಿ ತಂದ. ಹೆಣ್ಣು ಮಗು. ತಾಯಿ ಮಗು ಚೆನ್ನಾಗಿದ್ದಾರೆ. ಅತ್ತೆ ಅವನನ್ನು, "ಮಗು ಹೇಗಿದೆ, ಯಾರ ಹೋಲಿಕೆ" ಎಂದು ಕೇಳಿದಳು. ಪಾಪ, ಅವನು ಬಸ್ಸು ಓಡಿಸುವವನು, ಅವನಿಗೇನು ಗೊತ್ತು. "ಮಗು ಥರಾನೇ ಇರುತ್ತೆ ಅಜ್ಜಿ" ಅಂದ.

ಕಟ್ಟೆ ಮುಗಿಯಿತು. ಒಂದಾಳೆತ್ತರಕ್ಕಿಂತ ಹೆಚ್ಚು ಕೆಳಗಿಳಿದು ಮಟ್ಟವಾದ ಜಾಗದ ಮೇಲೆ ಚಪ್ಪಡಿ ಹಾಸಿದ್ದರು. ಬೆಂಚು ಹಾಕಿದ್ದರು. ಸುಣ್ಣ, ಬಣ್ಣ, ಹೂವಿನ ಕುಂಡ. ಉದ್ಘಾಟನೆಯ ದಿನ ಊರೆಲ್ಲ ಸೇರಿತು. ನಮಗೆ ಇಳಿಜಾರಿನ ತುದಿಯಲ್ಲಿ ನಿಲ್ಲಲು ಅನುಮತಿ. ಅತ್ತೆಯನ್ನು ಬೆನ್ನ ಮೇಲೆ ಹೊತ್ತು ನಿಂತಿದ್ದೆ. ಸಂಜೆಯವರೆಗೆ ಕಾದರೆ ಮೂಲೆ ಸಿಗುತ್ತದೆ, ಮಗುವಿನ ಮುಖ ಸಿಗುತ್ತದೆ.

ಅಧ್ಯಕ್ಷ ಯಾರೋ ದೊಡ್ಡ ಅಧಿಕಾರಿಗೆ ಎಲ್ಲರೆದುರು ಫೋನು ಮಾಡುವುದೆಂದು ಏರ್ಪಾಡಾಗಿತ್ತು. ಒತ್ತಿದ. ಕಿವಿಗೆ ಇಟ್ಟ. ಮತ್ತೆ ಒತ್ತಿದ. ಕೈ ಎತ್ತಿ ಹಿಡಿದ. ಬೆಂಚಿನ ಮೇಲೆ ಹತ್ತಿದ. ಮೇಷ್ಟ್ರು ತಮ್ಮ ಫೋನು ತೆಗೆದರು, ಅಧ್ಯಕ್ಷನ ಹೆಂಡತಿ ತನ್ನದು ತೆಗೆದಳು. ಊರಿಗೆ ಊರೇ ಕೈ ಎತ್ತಿ ನಿಂತಿತು, ಯಾರೋ ಬಂದೂಕು ತೋರಿಸಿದ ಹಾಗೆ. ಯಾರ ಫೋನಿನಲ್ಲೂ ಸಿಗ್ನಲ್ಲಿಲ್ಲ.

ಏಣಿ ತಂದರು. ಇಬ್ಬರು ಹಿಡಿದುಕೊಂಡರು, ಮೇಷ್ಟ್ರು ಹತ್ತಿದರು. ತುದಿಯ ಮೆಟ್ಟಿಲಲ್ಲಿ ನಿಂತು, "ಬಂತು" ಅಂದರು. ಒಂದು ಮೆಟ್ಟಿಲು ಇಳಿದು, "ಹೋಯ್ತು" ಅಂದರು. ಮತ್ತೆ ಹತ್ತಿದರು, ಬಂತು. ಇಳಿದರು, ಹೋಯಿತು. ಏಣಿಯ ಮೇಲಿಂದಲೇ ಅವರು ಹಿಂದಿನ ತಗ್ಗನ್ನು ನೋಡಿದರು. ಎಲ್ಲರೂ ಆ ಕಡೆ ನೋಡಿದರು. ಅಲ್ಲಿ ನಮ್ಮ ಗುಡಿಸಲುಗಳ ಪಕ್ಕ, ನಾವು ಹೊತ್ತು ಸುರಿದ ಕಪ್ಪು ಗುಡ್ಡೆ ಬಿಸಿಲಿಗೆ ಹಬೆಯಾಡುತ್ತಿತ್ತು.

ಗುಡ್ಡದ ಸಂದಿನಿಂದ ತೂರಿ ಬರುವ ಸಿಗ್ನಲ್ಲು ತಿಪ್ಪೆಯ ತಲೆಗೆ ಮಾತ್ರ ತಾಗುತ್ತಿತ್ತು. ಆ ತಲೆಯನ್ನೇ ಕಡಿಸಿದ್ದರು. ಅದು ನಮಗೂ ಹೊಳೆದಿರಲಿಲ್ಲ. ಹೊಳೆದಾಗ ಅವರು ಪೆಚ್ಚಾದ ಹಾಗೆ ನಾವೂ ಪೆಚ್ಚಾದೆವು. ಅತ್ತೆ ನನ್ನ ಬೆನ್ನ ಮೇಲೆ ಸಣ್ಣಗೆ ನಡುಗುತ್ತಿದ್ದಳು. ಅಳುತ್ತಿದ್ದಾಳೆ ಅಂದುಕೊಂಡೆ. ತಿರುಗಿ ನೋಡಿದರೆ ನಗುತ್ತಿದ್ದಳು.

ಅದಾದ ಮೇಲೆ ಅವರು ಮರದ ಅಟ್ಟ ಕಟ್ಟಿ ನೋಡಿದರು. ಚಪ್ಪಡಿಯ ಕೆಳಗೆ ತಿಪ್ಪೆಯ ನೆಲ, ಮೆತ್ತಗೆ. ಅಟ್ಟ ಒಂದು ಕಡೆ ಕುಸಿಯಿತು, ಅಂಗಡಿಯವನ ಕೈ ಮುರಿಯಿತು. ಆಗ ಅಧ್ಯಕ್ಷ ನಾಲ್ಕು ಜನರನ್ನು ಕಟ್ಟಿಕೊಂಡು ತಗ್ಗಿಗೆ ಬಂದ.

"ನಾಳೆಯಿಂದ ಶುರು ಮಾಡಿ. ಇದೆಲ್ಲ ವಾಪಸ್ ಮೇಲೆ ಹೋಗ್ಬೇಕು."

"ಯಾವುದು?" ಅಂದೆ. ಕೇಳಿಸಿತ್ತು. ಆದರೂ ಅವನ ಬಾಯಿಂದ ಇನ್ನೊಮ್ಮೆ ಹೇಳಿಸಬೇಕೆನಿಸಿತು.

"ಇದೇ. ಕಸ. ಮೊದಲಿದ್ದಷ್ಟು ಎತ್ತರಕ್ಕೆ ಹಾಕಿ. ಕೂಲಿ ಹೆಚ್ಚಿಗೆ ಕೊಡೋಣ."

ನನ್ನ ಗಂಡ ಅಭ್ಯಾಸಬಲದಿಂದ ಬುಟ್ಟಿಗೆ ಕೈ ಚಾಚಿದ. ಅವನ ಪಾದಕ್ಕೆ ಕಟ್ಟಿದ ಬಟ್ಟೆ ಹಳದಿಯಾಗಿತ್ತು. ಅದನ್ನು ನೋಡಿ ನನಗೆ ಬಂದದ್ದು ಸಿಟ್ಟಲ್ಲ, ಹೇಸಿಗೆ. ಈ ಜನರ ಹೇಲು ಬಾಚಿದಾಗ ಬರದ ಹೇಸಿಗೆ ಈ ಜನರನ್ನು ನೋಡಿ ಬಂತು. ಬುಟ್ಟಿಯನ್ನು ಕಾಲಿಂದ ಒದ್ದೆ. ಅದು ಉರುಳಿಕೊಂಡು ಅಧ್ಯಕ್ಷನ ಚಪ್ಪಲಿಗೆ ತಾಗಿ ನಿಂತಿತು. ಅವನು ಹಿಂದಕ್ಕೆ ಹಾರಿದ.

"ನಾವು ಹೊರಲ್ಲ."

"ಏನಂದೆ?"

"ನಿಮ್ಮ ಕಸ. ನಿಮ್ಮ ಅಪ್ಪಂದಿರ ಕಸ. ನಮ್ಮ ಅತ್ತೆ ಮೇಲಕ್ಕೆ ಹೊತ್ತಳು, ನಾವು ಕೆಳಕ್ಕೆ ಹೊತ್ವಿ. ಈಗ ಮತ್ತೆ ಮೇಲಕ್ಕೆ ಬೇಕಂದ್ರೆ ನೀವೇ ಹೊತ್ಕೊಳ್ಳಿ."

"ಪೊಲೀಸರನ್ನ ಕರೀತೀನಿ."

"ಕರೀರಿ. ಯಾವುದ್ರಲ್ಲಿ ಕರೀತೀರಾ?"

ಹಿಂದೆ ನಿಂತಿದ್ದ ಮೇಷ್ಟ್ರಿಗೆ ನಗು ಬಂತು, ಕೆಮ್ಮಿದ ಹಾಗೆ ಮಾಡಿದರು. ಅಧ್ಯಕ್ಷ ಜಾಣ. ಸಿಟ್ಟು ನುಂಗಿಕೊಂಡು ಅತ್ತೆಯ ಕಡೆ ತಿರುಗಿದ. ಅವಳೆದುರು ಕುಕ್ಕರಗಾಲಲ್ಲಿ ಕೂತ. ಅವನ ಮನೆತನದಲ್ಲಿ ಯಾರೂ ನಮ್ಮೆದುರು ಹಾಗೆ ಕೂತದ್ದಿಲ್ಲ.

"ಅಜ್ಜಿ, ಮರಿಮಗಳು ಹುಟ್ಟಿದಾಳಂತೆ. ಮುಖ ನೋಡೋ ಆಸೆ ಇಲ್ವಾ? ನಿಮ್ಮವರಿಗೆ ಹೇಳಿ ಇದನ್ನ ಮೇಲೆ ಹಾಕ್ಸಿ. ಮೊದಲನೇ ದಿನ ಮೊದಲು ನೀನೇ ಕೂತ್ಕೋ. ಬೆಂಚಲ್ಲಿ. ಎಷ್ಟು ಹೊತ್ತು ಬೇಕಾದ್ರೂ ಮಾತಾಡು."

ಅವನು ಸರಿಯಾದ ಜಾಗಕ್ಕೇ ಕೈ ಹಾಕಿದ್ದ. ಅತ್ತೆ ಹೂಂ ಎಂದರೆ ನಾನು ಹೊರುತ್ತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅವಳ ಒಂದು ಕಣ್ಣಿಗಾಗಿ ಆ ಗುಡ್ಡೆಯನ್ನೆಲ್ಲ ಒಬ್ಬಳೇ ಹೊರುತ್ತಿದ್ದೆ. ನಾನೇ ಅವಳ ಕಿವಿಯ ಬಳಿ ಬಗ್ಗಿ, "ಅತ್ತೆ, ನೀನು ಹೇಳಿದ ಹಾಗೆ" ಅಂದೆ.

ಅತ್ತೆ ಅಧ್ಯಕ್ಷನನ್ನು ಓರೆಯಾಗಿ ನೋಡಿದಳು. ಅವನ ಕರವಸ್ತ್ರ ಮೂಗಿನ ಮೇಲೇ ಇತ್ತು.

"ನಿಮ್ಮಪ್ಪನ ಹಾಸಿಗೆ ನಾನು ತೊಳ್ದೆ" ಅಂದಳು. "ನಿಮ್ಮಮ್ಮನ ಬಾಣಂತನದ ಬಟ್ಟೆ ನಾನು ಹೊತ್ತೆ. ನೀನು ಹುಟ್ಟಿದಾಗ ನಿನ್ನ ಮುಖ ನಂಗೆ ಯಾರೂ ತೋರಿಸ್ಲಿಲ್ಲ, ಮೈಲಿಗೆ ಆಗುತ್ತೆ ಅಂತ. ನಿನ್ನ ಹೇಲು ಮಾತ್ರ ತೋರಿಸಿದ್ರು. ಈಗ ನನ್ನ ಮಗೂ ಮುಖ ನೋಡೋಕೂ ಅದೇ ಹೇಲು ಹೊರ್ಬೇಕಾ? ಬೇಡ ಹೋಗು. ಕುರುಡಿಯಾಗೇ ಸಾಯ್ತೀನಿ."

ಅವನು ಎದ್ದ. ಪ್ಯಾಂಟಿನ ಮೊಣಕಾಲು ಕೊಡವಿಕೊಂಡ, ಅಲ್ಲಿ ಏನೂ ಅಂಟಿರಲಿಲ್ಲ. "ಹಾಗಾದ್ರೆ ನಾಳೆಯಿಂದ ಊರೊಳಗೆ ಯಾವ ಕೆಲಸಕ್ಕೂ ಬರ್ಬೇಡಿ. ಯಾರೂ ಬರ್ಬೇಡಿ. ನೋಡ್ತೀನಿ" ಅಂದ.

ಕೆಲಸದಿಂದ ತೆಗೆದೆ ಎಂದು ಅವನ ಲೆಕ್ಕ. ನಮ್ಮ ನೀರಿನ ಕೊಳಾಯಿಯನ್ನೂ ಬಂದ್ ಮಾಡಿಸಿದ. ಹಳ್ಳದಿಂದ ನೀರು ತಂದೆವು. ಒಂದು ಹೊತ್ತು ಉಂಡೆವು. ಕೆಲವು ದಿನ ಹಾಗೆ ಉಂಡು ನಮಗೆ ಗೊತ್ತಿತ್ತು.

ಅವರಿಗೆ ತಮ್ಮ ಮನೆಯೊಳಗಿನದು ಗೊತ್ತಿರಲಿಲ್ಲ. ಒಂದು ಮನೆಯಿಂದ ದಿನಕ್ಕೆ ಎಷ್ಟು ಹೊಲಸು ಹೊರಬರುತ್ತದೆ ಎನ್ನುವುದನ್ನು ಅವರು ಹುಟ್ಟಿದಂದಿನಿಂದ ನೋಡಿರಲಿಲ್ಲ, ನಾವು ಬೆಳಗಾಗುವ ಮೊದಲೇ ಒಯ್ದುಬಿಡುತ್ತಿದ್ದೆವು. ಈಗ ಅದು ಹಿತ್ತಲಲ್ಲೇ ಉಳಿಯಿತು. ಹಿತ್ತಲು ತುಂಬಿ ಅಂಗಳಕ್ಕೆ ಬಂತು. ಗುಂಡಿಗಳು ಉಕ್ಕಿ ಓಣಿಗೆ ಹರಿದವು. ಹುಳು ಹೊಸ್ತಿಲು ದಾಟಿದವು. ಪಕ್ಕದ ಊರಿನಿಂದ ಆಳು ಕರೆಸಿದರು. ಅವರು ಬಸ್ಸಿಳಿದು, ಮೂಸಿ ನೋಡಿ, ಅದೇ ಬಸ್ಸಿಗೆ ಹತ್ತಿದರು. ಗಾಡಿ ತರಿಸಿದರು, ಓಣಿ ಇಕ್ಕಟ್ಟು, ಗಾಡಿ ಹೊಗಲಿಲ್ಲ. ಗಾಡಿ ಹೊಗುವ ಹಾಗಿದ್ದರೆ ನಮ್ಮ ತಲೆ ಅವರಿಗೆ ಯಾಕೆ ಬೇಕಿತ್ತು?

ಫೋನೂ ಇಲ್ಲ. ಪಿಂಚಣಿ ನಿಂತಿತು, ಪರೀಕ್ಷೆ ತಪ್ಪಿತು, ನೋಡಿದ ಗಂಡು ಕೈಬಿಟ್ಟುಹೋದ. ಸಿಗ್ನಲ್ಲಿಲ್ಲದೆ ಹೇಗೆ ಬದುಕುತ್ತಿದ್ದೆವೆಂದು ಊರು ಮರೆತುಬಿಟ್ಟಿತ್ತು.

ಮೊದಲು ಬಂದವರು ಮೇಷ್ಟ್ರು. ಬೆಳಗ್ಗೆ, ಎಲ್ಲರೂ ನೋಡುವ ಹೊತ್ತಿಗೆ, ಒಂದು ಬಕೆಟ್ಟು ಹಿಡಿದು ಕಟ್ಟೆ ಹತ್ತಿದರು. ನಮ್ಮ ಕಡೆ ನೋಡಲಿಲ್ಲ. ಚಪ್ಪಡಿಯ ನಡುಮಧ್ಯ ಸುರಿದು, ಪಕ್ಕಕ್ಕೆ ಹೋಗಿ ವಾಂತಿ ಮಾಡಿಕೊಂಡರು. ಮರುದಿನವೂ ಬಂದರು. ಆಮೇಲೆ ಅಂಗಡಿಯವನು, ಒಂದೇ ಕೈಯಲ್ಲಿ. ಮನೆಯ ಹೊಲಸೂ ಹೋಗಬೇಕು, ತಿಪ್ಪೆಯೂ ಏರಬೇಕು. ಒಂದೇ ಹೊರೆಗೆ ಎರಡೂ ಆಗುತ್ತದೆಂದು ಒಬ್ಬರನ್ನು ನೋಡಿ ಒಬ್ಬರಿಗೆ ತಿಳಿಯಿತು. ಹೂವಿನ ಕುಂಡಗಳು ಮುಳುಗಿದವು. ಬೆಂಚು ಮುಳುಗಿತು. ಇಂಟರ್ನೆಟ್ ಕಟ್ಟೆಯೆಂದು ಬರೆದ ಫಲಕದ ತಲೆ ಮಾತ್ರ ಕೆಲವು ದಿನ ಕಾಣುತ್ತಿತ್ತು. ಅಷ್ಟಕ್ಕೂ ಸಾಲದೆ ತಗ್ಗಿಗೂ ಇಳಿದರು, ನಮ್ಮ ಗುಡಿಸಲ ಪಕ್ಕದ ಹಳೆಯ ಗುಡ್ಡೆಯಿಂದ ತುಂಬಿಕೊಳ್ಳಲು. ನನ್ನ ಗಂಡನಿಗೆ ತಡೆಯಲಾಗಲಿಲ್ಲ. "ಬುಟ್ಟಿ ಕೆಳಗೆ ಸಿಂಬಿ ಇಟ್ಕೊಳ್ಳಿ, ಕುತ್ತಿಗೆ ಹೋಗುತ್ತೆ" ಎಂದು ಹೇಳಿಯೇಬಿಟ್ಟ. ನಾನು ಅವನನ್ನು ದುರುಗುಟ್ಟಿ ನೋಡಿದೆ. ಅವನು ತಲೆಯಾಡಿಸಿದ.

ಗುಪ್ಪೆ ಏರುತ್ತಿದ್ದ ಹಾಗೆ ನಾನು ದಿನಾ ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಅದರ ತುದಿಗೆ ಒಯ್ದು ಕೂರಿಸುತ್ತಿದ್ದೆ. ಯಾರೂ ಬೇಡ ಅನ್ನಲಿಲ್ಲ. ಅನ್ನಲು ಬಾಯಿ ತೆರೆದರೆ ನೊಣ.

ಒಂದು ದಿನ ಅಧ್ಯಕ್ಷನ ಹೆಂಡತಿ ಬಂದಳು. ಅವಳ ಮನೆಯ ಗುಂಡಿ ಉಕ್ಕಿತ್ತು. ದೊಡ್ಡ ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡಿದ್ದಳು, ಎರಡೂ ಕೈ ಅಂಚಿನಲ್ಲಿ. ಹಣೆಯ ಮೇಲಿಂದ ಸೋರಿದ್ದು ಹುಬ್ಬಿಗೆ ಇಳಿದಿತ್ತು. ಏದುಸಿರು ಬಿಡುತ್ತ ನಮ್ಮ ಹತ್ತಿರ ಬರುವಷ್ಟರಲ್ಲಿ ಅವಳ ಸೊಂಟದಲ್ಲಿ ಫೋನು ಹಾಡಲು ಶುರುಮಾಡಿತು.

ಸಿಗ್ನಲ್ ಬಂದಿತ್ತು.

ಅವಳು ನಿಂತಳು. ಬುಟ್ಟಿ ಬಿಡುವಂತಿಲ್ಲ, ಬಿಟ್ಟರೆ ಮೈಮೇಲೇ ಸುರಿಯುತ್ತದೆ. ಕೊರಳು ತಿರುಗಿಸಲಾಗದೆ ನನ್ನನ್ನು ಓರೆಯಾಗಿ ನೋಡಿದಳು, ಥೇಟ್ ಅತ್ತೆಯ ಹಾಗೆ.

"ಸ್ವಲ್ಪ ತೆಗೆದುಕೊಡೆ. ನನ್ನ ತಂಗಿ ಇರ್ಬೇಕು."

"ನಾನು ಮುಟ್ಟಿದ್ರೆ ತೊಳೀಬೇಕಾಗುತ್ತೆ ಅಮ್ಮ" ಅಂದೆ. "ತೊಳೆದ್ರೆ ಅದು ಸಾಯುತ್ತೆ."

ಫೋನು ಹಾಡಿ ಹಾಡಿ ಸುಮ್ಮನಾಯಿತು. ನಾನು ಅವಳಿಗೆ ಬೆನ್ನು ಹಾಕಿ ನನ್ನ ಫೋನು ತೆಗೆದೆ. ಮಗಳನ್ನು ಕರೆದೆ. ಪರದೆ ಕಪ್ಪಗಿತ್ತು, ಬೂದಿಯಾಯಿತು, ಆಮೇಲೆ ತುಂಬ ಹತ್ತಿರದಲ್ಲಿ ಒಂದು ಸಣ್ಣ ಕೆಂಪು ಮುಖ ಬಂತು. ಕಣ್ಣು ಮುಚ್ಚಿಕೊಂಡು ಆಕಳಿಸಿತು. ಅತ್ತೆ ಫೋನನ್ನು ಕಣ್ಣಿಗೆ ಅಂಟಿಸಿಕೊಂಡಳು. ಅವಳ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

"ಮೂಗು ನಂದೇ" ಅಂದಳು ಕೊನೆಗೆ. "ನೋಡೆ, ಮೂಗು ನಂದೇ ಬಂದಿದೆ."

ಅಧ್ಯಕ್ಷನ ಹೆಂಡತಿ ಇನ್ನೂ ನನ್ನ ಹಿಂದೆಯೇ ನಿಂತಿದ್ದಳು. ಬುಟ್ಟಿಯಿಂದ ತೊಟ್ಟಿಕ್ಕುವುದು ಕೇಳುತ್ತಿತ್ತು. ಗಾಳಿ ತಿರುಗಿ ಅವಳ ನಾತ ನನಗೆ ರಪ್ಪನೆ ಬಡಿಯಿತು. ನನ್ನ ಎರಡು ಕೈಯೂ ಖಾಲಿ ಇದ್ದವು. ತಿರುಗಿ, ಅವಳು ನೋಡುವ ಹಾಗೆ, ಹುಟ್ಟಿದ ಮೇಲೆ ಮೊದಲ ಸಲ ನಾನು ಮೂಗು ಮುಚ್ಚಿಕೊಂಡೆ.